ವೈಜನಾಥಪ್ಪನವರ ಕಪಾಟು

ವೈಜನಾಥಪ್ಪನವರ ಬಲಗೈ ಗೆಣ್ಣುಗಳ ಮೇಲಿನ ಗಾಯ ಪೂರ್ತಿ ಮಾಗಿದ್ದನ್ನು ನಾನು ನೋಡಲೇ ಇಲ್ಲ. ಒಂದು ಕಡೆಯ ಹಕ್ಕಳೆ ಉದುರುವ ಮೊದಲೇ ಇನ್ನೊಂದು ಕಡೆ ಚರ್ಮ ಸುಲಿದಿರುತ್ತಿತ್ತು. ಕಾರಣ ಅವರ ಮೇಜಿನ ಪಕ್ಕದಲ್ಲಿದ್ದ ಉಕ್ಕಿನ ಕಪಾಟು. ಕಂಪ್ಯೂಟರಿನ ಪರದೆಯಲ್ಲಿ ಯಾವುದಾದರೂ ಕೆಲಸ ಕೆಂಪಾದರೆ ಅವರು ಮೊದಲು ಎದ್ದು ಕಪಾಟಿಗೆ ಒಂದು ಗುದ್ದು ಹಾಕುತ್ತಿದ್ದರು. ಆಮೇಲೆ ಕೂತು ಕಾರಣ ಹುಡುಕುತ್ತಿದ್ದರು. ಕಪಾಟಿನ ಬಾಗಿಲಲ್ಲಿ ಹನ್ನೊಂದು ತಗ್ಗುಗಳಿದ್ದವೆಂದು ನನ್ನ ನೆನಪು. ನನ್ನ ಮೊಬೈಲಿನಲ್ಲಿ ಉಳಿದಿರುವ ಫೋಟೋದಲ್ಲಿ ಎಣಿಸಿದರೆ ಏಳೇ ಇವೆ. ಸಂಖ್ಯಾಶಾಸ್ತ್ರ ಓದಿದವನಿಗೆ ಇದು ಚಿಕ್ಕ ತಪ್ಪಲ್ಲ. ನಾಲ್ಕು ಗುದ್ದುಗಳನ್ನು ನಾನೇ ಹುಟ್ಟಿಸಿದ್ದೇನೆ ಎಂದಾದರೆ, ಮುಂದೆ ಹೇಳುವುದರಲ್ಲಿ ಇನ್ನೇನು ಹುಟ್ಟಿಸಿದ್ದೇನೋ ಗೊತ್ತಿಲ್ಲ.

ಅವರು ಭಾಲ್ಕಿಯ ಕಡೆಯವರು. ನಾಸಿಕಕ್ಕೆ ಬಂದದ್ದು ಲೇತ್ ಯಂತ್ರದ ಕೆಲಸಕ್ಕೆ. ಅಲ್ಲಿನ ಅಂಬಡ್‌ನಲ್ಲಿ ವಾಹನಗಳ ಬಿಡಿಭಾಗ ಮಾಡುವ ನಮ್ಮ ಕಾರ್ಖಾನೆಯಲ್ಲಿ ಎಲ್ಲ ಯಂತ್ರಗಳ ಮೇಲೂ ದುಡಿದು, ಕೊನೆಗೆ ಕಂಪ್ಯೂಟರ್ ಕೋಣೆಗೆ ಬಂದು ಕೂತವರು. ಹಣೆಯ ಮೇಲೆ ವಿಭೂತಿ, ಅಂಗಿಯೊಳಗೆ ಲಿಂಗ, ಕುಸ್ತಿಪಟುವಿನ ಕುತ್ತಿಗೆ. ನಾನು ಬ್ಯಾಂಕಿನವರ ಮಗ. ಅಪ್ಪನ ವರ್ಗಾವಣೆಯಿಂದಾಗಿ ನಾಸಿಕದ ಪಕ್ಕದ ದೇವಳಾಲಿ ಕ್ಯಾಂಪಿನಲ್ಲಿ ಬೆಳೆದವನು, ವಿಶ್ವವಿದ್ಯಾಲಯದಿಂದ ನೇರ ಬಂದವನು. ಮೊದಲ ದಿನವೇ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಬರ್ರಿ ಪ್ರೊಫೆಸರ, ಕನ್ನಡ ಬರ್ತದೋ, ಅದೂ ಪುಸ್ತಕದಾಗೇ ಅದನೋ?" ಎಂದರು. ಆಮೇಲೆ ಅವರು ನನ್ನ ಹೆಸರು ಹಿಡಿದು ಕರೆದದ್ದಿಲ್ಲ.

ನಮ್ಮ ಕೆಲಸ ಶೆಡ್ಯೂಲರ್ ಕಾಯುವುದು. ಅದು ದಿನದ ಕೆಲಸಗಳನ್ನು ಒಂದರ ಹಿಂದೆ ಒಂದರಂತೆ ತಾನೇ ನಡೆಸುವ ಕಂಪ್ಯೂಟರ್ ವ್ಯವಸ್ಥೆ. ಪರದೆಯ ಮೇಲೆ ಮೇಲಿಂದ ಕೆಳಗೆ ನಾಲ್ಕು ಚೌಕಗಳು. ವೈಜನಾಥಪ್ಪ ಅವನ್ನು ಚೌಕಾಬಾರದ ಹಾಗೆ 'ಮನಿ' ಎನ್ನುತ್ತಿದ್ದರು. ಮೊದಲ ಮನೆ ಸಂಭಾಜಿನಗರದ ಮುಖ್ಯ ಘಟಕದಿಂದ ನಮ್ಮ ಯಂತ್ರಗಳ ರಿಪೇರಿಯ ದಾಖಲೆ ತರುತ್ತದೆ. ಎರಡನೆಯದು ಯಾವ ಯಂತ್ರ ಬಂದ್ ಎಂದು ಪಟ್ಟಿ ಮಾಡುತ್ತದೆ. ಮೂರನೆಯದು ಯಾರು ಯಾವ ಯಂತ್ರದ ಮೇಲೆ, ಅದಕ್ಕೆ ಯಾವ ಅಚ್ಚು ಎಂದು ಹಂಚುತ್ತದೆ. ನಾಲ್ಕನೆಯದು ಅದನ್ನು ಕೆಳಗಿನ ಶೆಡ್ಡಿನ ಪರದೆಗೆ ಕಳಿಸುತ್ತದೆ. ಮೊದಲನೆಯದು ಕೆಟ್ಟು ಕೆಂಪಾದರೆ ಉಳಿದ ಮೂರು ಹಳದಿಯಾಗಿ ನಿಲ್ಲುತ್ತವೆ, ಶೆಡ್ಡಿನ ಪರದೆ ನಿನ್ನೆಯದನ್ನೇ ತೋರಿಸುತ್ತಿರುತ್ತದೆ. ಕೆಂಪನ್ನು ಸರಿಮಾಡಿ ಮತ್ತೆ ಓಡಿಸಿದಾಗ ಅದು ಹಸಿರಾಗುತ್ತದೆ. ಹಳದಿ ಮನೆಗಳೂ ಈಗ ಹೊರಡುತ್ತವೆ ಎಂದು ಯಾರಾದರೂ ತಿಳಿಯಬಹುದು. ಅವು ಹೊರಡುವುದಿಲ್ಲ. ಅವನ್ನೂ ಒಂದೊಂದಾಗಿ ಹಿಡಿದು, ಹಳದಿ ಗುರುತು ಅಳಿಸಿ, ತಿರುಗಿ ಓಡಿಸಬೇಕು.

ನಾನು ಕಲಿತದ್ದು ಏಟು ತಿಂದು. ಸೇರಿದ ಮೊದಲ ತಿಂಗಳು ಒಂದು ಬೆಳಿಗ್ಗೆ ಕೆಂಪು ಮನೆಯೊಂದನ್ನೇ ಓಡಿಸಿ ಚಹಾಕ್ಕೆ ಹೋದೆ. ಶೆಡ್ಡಿನಲ್ಲಿ ನಿನ್ನೆಯ ಪಟ್ಟಿ ನೋಡಿಕೊಂಡು ಪ್ರೆಸ್ ಯಂತ್ರಕ್ಕೆ ಬೇರೆಯೇ ಅಚ್ಚು ಏರಿಸಿದರು. ಅಚ್ಚು ಸಿಡಿದು ಅಂಗೈಯಷ್ಟು ಉಕ್ಕಿನ ಚೂರು ಹಾರಿ, ಮನುಷ್ಯನ ತಲೆಯ ಎತ್ತರದಲ್ಲಿ ಗೋಡೆಗೆ ನೆಟ್ಟಿತು. ಅಲ್ಲಿ ಯಾರೂ ನಿಂತಿರಲಿಲ್ಲ, ಅಷ್ಟೆ. ವೈಜನಾಥಪ್ಪ ಆ ಚೂರನ್ನು ಕಿತ್ತು ತಂದು ನನ್ನ ಮುಂದೆ ಇಟ್ಟರು. ಇನ್ನೂ ಬಿಸಿಯಿತ್ತು.

"ಮ್ಯಾಲಿನ ಮನಿ ಹೊಸದಾಗಿ ಕಟ್ಟಿದ್ರಿ. ಕೆಳಗಿನ ಮೂರೂ ಮನಿಯಾಗ ನಿನ್ನಿ ಹಳಸಿದ ಅನ್ನಾನೇ ಅದ. ಯಾರಿಗಿ ತಿನ್ನಿಸ್ಲಾಕತ್ತೀರಿ ಅದನ್ನ?"

ನಾನು ಏನೋ ತರ್ಕ ಹೇಳಿದೆ. ಕೆನ್ನೆಗೆ ಬಿತ್ತು. ಕಿವಿಯಲ್ಲಿ ಗುಂಯ್ ಎಂದಿತು, ಕನ್ನಡಕ ಮೂಲೆಗೆ ಹಾರಿತು. ಹೊಡೆದ ಮೇಲೂ ಅವರು 'ನೀವು' ಬಿಡಲಿಲ್ಲ. "ಕೆಳಗಿಂದು ನೋಡದೇ ಚಾಕ್ಕ ಎದ್ದು ಹೋದ್ರಿ ನೀವು. ನೆಪ್ಪಿಡ್ರಿ." ಎಡಗೆನ್ನೆಯೋ ಬಲಗೆನ್ನೆಯೋ, ಇವತ್ತು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಕನ್ನಡಕ ಬಲಕ್ಕೆ ಬಿದ್ದದ್ದು ನೆನಪಿದೆ. ಉರಿದದ್ದೂ ಬಲಗೆನ್ನೆಯೇ ಎಂದು ನೆನಪಿದೆ. ಬಲಗೆನ್ನೆಗೆ ಬಿದ್ದಿದ್ದರೆ ಕನ್ನಡಕ ಎಡಕ್ಕೆ ಹಾರಬೇಕಿತ್ತು, ಎರಡೂ ಒಟ್ಟಿಗೆ ಹೊಂದುವುದಿಲ್ಲ.

ಅವರ ಸಿಟ್ಟಿಗೆ ದೊಡ್ಡವರು ಚಿಕ್ಕವರು ಎಂಬ ಭೇದವಿರಲಿಲ್ಲ. ಸಂಭಾಜಿನಗರದಿಂದ ಬಂದಿದ್ದ ಅಧಿಕಾರಿಯೊಬ್ಬ ಮೀಟಿಂಗಿಗೆ ಮುಂಚೆ ಪರದೆ ಚೆನ್ನಾಗಿ ಕಾಣಲೆಂದು, ಕೆಟ್ಟ ಕೆಲಸವನ್ನು ಓಡಿಸದೆಯೇ 'ಆಯಿತು' ಎಂದು ಗುರುತು ಹಾಕಿ ಹಸಿರು ಮಾಡಿದ. ವೈಜನಾಥಪ್ಪ ಅವನ ಕೊರಳಪಟ್ಟಿ ಹಿಡಿದು ಎತ್ತಿ ಕಪಾಟಿಗೆ ಒತ್ತಿದರು. ಅವನ ಬೂಟು ನೆಲ ಬಿಟ್ಟಿತ್ತು, ಮುಖ ನೀಲಿಯಾಗಿತ್ತು. "ಸತ್ತ ಹೆಣಕ್ಕ ಕುಂಕುಮ ಹಚ್ಚಿ ಮದಿವಿ ಮಾಡ್ತೀರೇನು ಸಾಹೇಬ್ರ?" ಎಂದು ಕನ್ನಡದಲ್ಲೇ ಕೇಳಿದರು. ಆತನಿಗೆ ಮರಾಠಿ ಬಿಟ್ಟು ಏನೂ ಬರುತ್ತಿರಲಿಲ್ಲ. ಆದರೂ ತಲೆಯಾಡಿಸಿದ. ನಾವು ಮೂವರು ಸೇರಿ ಬಿಡಿಸಬೇಕಾಯಿತು.

ಇಷ್ಟು ಒರಟು ಮನುಷ್ಯ ದಿನಕ್ಕೆ ಕಾಲು ಗಂಟೆ ಮಾತ್ರ ಮೆತ್ತಗಾಗುತ್ತಿದ್ದರು. ಆರರ ಪಾಳಿಗೆ ಮನೆಯಿಂದ ಬೇಗ ಹೊರಡುತ್ತಿದ್ದರಿಂದ ಲಿಂಗಪೂಜೆ ಕಾರ್ಖಾನೆಯಲ್ಲೇ ಆಗಬೇಕಿತ್ತು, ಪೂಜೆಯಾಗದೆ ಬಾಯಿಗೆ ನೀರೂ ಹಾಕುತ್ತಿರಲಿಲ್ಲ. ಏಳಕ್ಕೆ ಸರಿಯಾಗಿ ಬ್ಯಾಟರಿ ಕೋಣೆಯಲ್ಲಿ ಕಂಬಳಿ ಹಾಸಿ, ಎಡ ಅಂಗೈ ಮೇಲೆ ಲಿಂಗವಿಟ್ಟುಕೊಂಡು ಕೂರುತ್ತಿದ್ದರು. ಕಂಪ್ಯೂಟರ್ ಅವರ ಹೆಸರಿನಲ್ಲೇ ತೆರೆದಿರುತ್ತಿತ್ತು. ಕೆಟ್ಟ ಕೆಲಸವನ್ನು ತಿರುಗಿ ಓಡಿಸುವ ಅಧಿಕಾರ ಅವರ ಹೆಸರಿಗೆ ಮಾತ್ರ ಇದ್ದುದರಿಂದ ನಾವೆಲ್ಲ ಅದನ್ನೇ ಬಳಸುತ್ತಿದ್ದೆವು.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಸಂಭಾಜಿನಗರದ ಸಂಪರ್ಕ ಹೋಗಿ ಮೊದಲ ಮನೆ ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಸಂಪರ್ಕ ಬಂತು. ಶೆಡ್ಡಿನಿಂದ ಫೋನ್ ಮೇಲೆ ಫೋನ್, ಪಟ್ಟಿ ಬಂತೇ ಎಂದು. ಯಾರೋ ಮೊದಲ ಮನೆಯನ್ನು ಮತ್ತೆ ಓಡಿಸಿದರು. ಅದು ಹಸಿರಾಯಿತು. ಬಂತು ಎಂದು ಫೋನಿನಲ್ಲಿ ಹೇಳಿದವನು ನಾನು. ಕೆಳಗಿನ ಮೂರೂ ಹಳದಿಯಾಗಿಯೇ ಉಳಿದವು.

ಹಿಂದಿನ ಸಂಜೆ ನಾಲ್ಕನೇ ಪ್ರೆಸ್ಸಿನ ರಕ್ಷಣೆಯ ದೀಪವನ್ನು ರಿಪೇರಿಗೆಂದು ಕಳಚಿದ್ದರು. ಕೈ ಒಳಗೆ ಹೋಗಿ ಅದರ ಬೆಳಕಿಗೆ ಅಡ್ಡವಾದರೆ ಯಂತ್ರವನ್ನು ನಿಲ್ಲಿಸುವುದೇ ಆ ದೀಪ. ಬಂದ್ ಎಂದು ಫಲಕ ತೂಗುಹಾಕುವ ರೂಢಿ ಪರದೆ ಬಂದ ಮೇಲೆ ತಪ್ಪಿಹೋಗಿತ್ತು. ನಿನ್ನೆಯ ಪಟ್ಟಿ ನೋಡಿ ಸಟಾಣಾದ ಪೋಪಟ ಎಂಬ ಕೆಲಸಗಾರ ಅದರ ಮುಂದೆ ನಿಂತ. ಎರಡನೆಯದೋ ಮೂರನೆಯದೋ ಏಟಿಗೆ ಅವನ ಎಡಗೈ ಮಣಿಕಟ್ಟಿನವರೆಗೆ ತಗಡಿನ ಜೊತೆ ಚಪ್ಪಟೆಯಾಯಿತು. ನಾನು ಇಳಿದು ಹೋದಾಗ ಅವನು ಕಿರುಚುತ್ತಿರಲಿಲ್ಲ. ಕೈಯನ್ನು ನೋಡುತ್ತಾ, "ಕಾಢಾ, ಕಾಢಾ," ತೆಗೀರಿ, ತೆಗೀರಿ ಎಂದು ಮೆಲ್ಲಗೆ ಹೇಳುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಕೆಲಸಗಾರರು ಕಂಪ್ಯೂಟರ್ ಕೋಣೆಗೆ ನುಗ್ಗಿದರು. ಗಾಜು ಒಡೆಯಿತು. ಮ್ಯಾನೇಜರ್ ನಡುವೆ ನಿಂತು, ಓಡಿಸಿದವರು ಯಾರು ಎಂದು ಕೇಳಿದ. ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ಹೆಸರು. ವೈಜನಾಥಪ್ಪ ನನ್ನ ಕಡೆ ನೋಡಲೂ ಇಲ್ಲ. "ನಾನೇ," ಎಂದರು.

ಮುಷ್ಟಿ ಎತ್ತಿದರೆ ನಾಲ್ವರನ್ನಾದರೂ ಉರುಳಿಸಬಲ್ಲ ಮನುಷ್ಯ ಕೈ ಎತ್ತಲಿಲ್ಲ. ಪೈಪಿನಿಂದ ಬೆನ್ನಿಗೆ ಬಿತ್ತು, ಬಾಯಿಗೆ ಬಿತ್ತು. ಹಲ್ಲೊಂದು ನೆಲಕ್ಕೆ ಬಿದ್ದು ಟಕ್ ಎಂದದ್ದು ನನಗೆ ಕೇಳಿಸಿತು. ಆ ಗದ್ದಲದಲ್ಲಿ ಅದು ಕೇಳಿಸಲು ಸಾಧ್ಯವೇ ಎಂದು ಕೇಳಬೇಡಿ. ಒಬ್ಬ ಅವರ ಎಡಗೈ ಎಳೆದು ಅದೇ ಕಪಾಟಿನ ಸಂದಿಯಲ್ಲಿಟ್ಟು, "ಆತಾ ತುಝಾ ಹಾತ್," ಈಗ ನಿನ್ನ ಕೈ ಎಂದು ಬಾಗಿಲನ್ನು ಒದ್ದ. ಮತ್ತೊಮ್ಮೆ ಒದ್ದ. ಒಡೆದ ಗಾಜಿನ ಆಚೆ ನಾನು ನಿಂತಿದ್ದೆ.

ಅವರು ಕೆಲಸ ಬಿಟ್ಟು ಸಂಭಾಜಿನಗರದ ಮಗಳ ಮನೆಗೆ ಹೋದರು. ನಾನು ನಾಲ್ಕು ವರ್ಷ ಹೋಗಲಿಲ್ಲ. ಆ ಬೆಳಿಗ್ಗೆ ಮೌಸಿನ ಮೇಲೆ ನನ್ನ ಬೆರಳಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ಅದೇ ಮೌಸಿನ ಮೇಲೆ ಗಾಯದ ಗೆಣ್ಣುಗಳಿದ್ದದ್ದೂ ಕಣ್ಣಿಗೆ ಕಟ್ಟಿದ ಹಾಗಿತ್ತು. ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ಗೊತ್ತಾಗುವವರೆಗೆ ಸುಮ್ಮನಿರುವುದೇ ಪ್ರಾಮಾಣಿಕತೆ ಎಂದು ನನಗೆ ನಾನೇ ಹೇಳಿಕೊಂಡೆ. ಓದಿದವರಿಗೆ ಇಂಥ ಅನುಕೂಲಗಳಿರುತ್ತವೆ.

ಈ ಸಲದ ಬೇಸಿಗೆಯಲ್ಲಿ ಹೋದೆ. ಬಾಗಿಲು ತೆರೆದ ಅವರ ಹೆಂಡತಿ, "ಪೂಜಾಕ್ಕ ಕುಂತಾರ್ರಿ, ಒಳಗ ಬರ್ರಿ," ಎಂದರು. ವೈಜನಾಥಪ್ಪ ಗೋಡೆಗೆ ಒರಗಿ ಕೂತಿದ್ದರು. ಎಡಗೈ ಬೆರಳುಗಳು ಹದ್ದಿನ ಉಗುರಿನಂತೆ ಒಳಕ್ಕೆ ಮಡಚಿಹೋಗಿದ್ದವು. ಅಂಗೈ ಅಗಲವಾಗಲೆಂದು ಅವನ್ನು ಎಳೆದು ಮರದ ಪಟ್ಟಿಯೊಂದಕ್ಕೆ ಬಟ್ಟೆಯಿಂದ ಬಿಗಿದು, ಅದರ ಮೇಲೆ ಲಿಂಗವಿಟ್ಟುಕೊಂಡಿದ್ದರು. ದವಡೆ ನಡುಗುತ್ತಿತ್ತು. ದಿನಾ ಹೀಗೆಯೇ ಎಂದು ಹೆಂಡತಿ ಪಿಸುಗುಟ್ಟಿದರು. ಬಲಗೈ ಗೆಣ್ಣುಗಳು ಮಾತ್ರ ನುಣ್ಣಗಿದ್ದವು. ಆ ಮನೆಯಲ್ಲಿ ಕಪಾಟು ಇರಲಿಲ್ಲ.

ಪೂಜೆ ಮುಗಿದ ಮೇಲೆ ಕೇಳಿದೆ. "ಆ ದಿನ ಓಡಿಸಿದ್ದು ನಾನೇನ್ರಿ, ನೀವೇನ್ರಿ?"

"ಕಂಪ್ಯೂಟರ ಏಳು ಹತ್ತು ಅಂತ ತೋರ್ಸ್ತು. ಏಳಕ್ಕ ನಾ ಎಲ್ಲಿರ್ತೀನಿ ಪ್ರೊಫೆಸರ?"

"ಮತ್ತೆ ನೀವೇ ಅಂತ ಯಾಕ ಹೇಳಿದ್ರಿ?"

"ಕಂಪ್ಯೂಟರ ನನ್ನ ಹೆಸರಿಲೇ ಬಿಚ್ಚಿಟ್ಟು ಎದ್ದು ಹೋದಾವ ನಾ. ಮ್ಯಾಲಿನ ಮನಿ ನಂದೇ."

ಹಾಗಾದರೆ ನಾನೇ ಎಂದೆ, ಅತ್ತೂ ಇರಬೇಕು. ಅವರು ಬಟ್ಟೆಯ ಗಂಟನ್ನು ಹಲ್ಲಿನಿಂದ ಬಿಚ್ಚುತ್ತಾ ಕಾದರು. ಆಮೇಲೆ ಹಳೆಯ ದನಿಯಲ್ಲೇ ಹೇಳಿದರು: "ನನ್ನ ಮುಂದ ಒಪ್ಕೊಂಡ್ರಿ, ಒಂದು ಮನಿ ಹಸರ ಆತು. ಕೆಳಗಿಂದು? ಪೋಪಟ ಸಟಾಣಾದಾಗ ಕುಂತು ಇನ್ನೂ ನನಗ ಬೈತಾನ. ನಿನ್ನಿ ಪಟ್ಟಿ ಮ್ಯಾಲೇ ನಡದಾದ ಅವನ ಸಿಟ್ಟು. ಮತ್ತ ಅದನ್ನ ನೋಡದೇ ಚಾಕ್ಕ ಹೋಗ್ತೀರೇನು?"

ಪೋಪಟನ ಹತ್ತಿರ ಹೋಗುತ್ತೇನೆ ಎಂದೆ. ಹೋಗಲಿಲ್ಲ. ಮೂರು ವಾರಕ್ಕೆ ಅವರ ಹೆಂಡತಿಯ ಫೋನ್ ಬಂತು. ಭಾಲ್ಕಿಯಲ್ಲಿ ಅವರನ್ನು ಕೂರಿಸಿ ಮಣ್ಣು ಮಾಡುವಾಗ ನಾನೂ ಒಂದು ಹಿಡಿ ಹಾಕಿದೆ. ಅಲ್ಲಿಂದ ಮನೆಗೆ ಹೋಗದೆ ನೇರ ಸಟಾಣಾದ ದಾರಿ ಹಿಡಿದೆ.

ಪೋಪಟ ಈರುಳ್ಳಿ ತುಂಬಿದ ಬಿದಿರಿನ ಗೂಡಿನ ಮುಂದೆ ಕೊಳೆತದ್ದನ್ನು ಆರಿಸುತ್ತಿದ್ದ. ಕೈ ಕತ್ತರಿಸಿಹೋದ ಎಡ ಮಣಿಕಟ್ಟಿನ ಮೇಲೆ ಕಾಲುಚೀಲ ಏರಿಸಿಕೊಂಡಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಅವನು ಬುಟ್ಟಿಯನ್ನು ಕೆಳಗಿಟ್ಟು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೊಡೆದ. ಬಿದಿರಿಗೆ ಹೋಗಿ ಬಿದ್ದೆ, ಎಬ್ಬಿಸಿ ಮತ್ತೆ ಹೊಡೆದ. ಬಾಯಲ್ಲಿ ರಕ್ತ ಉಪ್ಪುಪ್ಪಾಯಿತು. ಅವನಿಗೆ ಇರುವುದು ಬಲಗೈ ಒಂದೇ, ಏಟು ಬಿದ್ದದ್ದು ಎಡಗೆನ್ನೆಗೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಏದುಸಿರು ನಿಂತ ಮೇಲೆ, ಆ ಮುದುಕ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದ. ತೀರಿಹೋದರು ಎಂದೆ. ಅವನು ಈರುಳ್ಳಿಯ ಮೇಲೆ ಕುಸಿದು ಕೂತ. ಕಪಾಟಿನ ಬಾಗಿಲು ಒದ್ದವನು ಆಗ ಅದೇ ಶೆಡ್ಡಿನಲ್ಲಿ ದುಡಿಯುತ್ತಿದ್ದ ತನ್ನ ಅಣ್ಣ ಎಂದ. ಆ ದಿನದ ಕಥೆಯನ್ನು ಅಣ್ಣ ಪ್ರತಿ ಹಬ್ಬದಲ್ಲೂ ಹೆಮ್ಮೆಯಿಂದ ಹೇಳುತ್ತಾನಂತೆ.

"ಅವನು ಹೊಲದಿಂದ ಬರುವವರೆಗೆ ಕೂತಿರು," ಎಂದ. "ಅವನಿಗೂ ನೀನೇ ಹೇಳು."

ಕೂತೆ. ಮೋಟರ್‌ಸೈಕಲ್ಲಿನ ಸದ್ದು ಕೇಳಿದಾಗ ಎದ್ದು ನಿಂತು, ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡೆ.