ಸಾಕ್ಷಿಗೊಂದು ಸೋಫಾ

ಯಾವ ಊರಿನ ಕೋರ್ಟು ಎಂದು ಮಾತ್ರ ಕೇಳಬೇಡಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ನಾಲ್ಕೂ ಕಡೆ ನನಗೆ ಕೇಸುಗಳಿವೆ. ನಾಳೆಯೋ ನಾಡಿದ್ದೋ ಎಲ್ಲ ಕಡೆಯೂ ನಾನೇ ಹೋಗಿ ನಿಲ್ಲಬೇಕು. ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂದು ಅಮ್ಮಿ ನನ್ನನ್ನು ಬೈಯುತ್ತಿದ್ದರು. ಈಗ ಮೊಣಕಾಲು ಬಸ್ಸಿನ ಮೆಟ್ಟಿಲು ಕಂಡರೇ ಮುನಿಸಿಕೊಳ್ಳುತ್ತದೆ. ವಕೀಲರನ್ನು ಇಟ್ಟುಕೊಳ್ಳಲು ಕೈಲಾಗದವರ ಪರವಾಗಿ ಸರ್ಕಾರದ ಖರ್ಚಿನಲ್ಲಿ ನಿಲ್ಲುವ ಕಾನೂನು ನೆರವಿನ ವಕೀಲೆ ನಾನು. ಮನೆಯಲ್ಲಿ ಉರ್ದು, ಕೋರ್ಟಿನಲ್ಲಿ ಕನ್ನಡ, ಕಕ್ಷಿದಾರರ ಜೊತೆ ಮುಕ್ಕಾಲು ಪಾಲು ತೆಲುಗು. ಮೂರೂ ಭಾಷೆಯಲ್ಲಿ ನಾನು ಅತಿ ಹೆಚ್ಚು ಹೇಳಿರುವ ಮಾತು ಒಂದೇ. ಇವತ್ತು ಆಗಲಿಲ್ಲ, ಮುಂದಿನ ತಾರೀಖಿಗೆ ಬಾ.

ಇದು ಒಬ್ಬ ಸಾಕ್ಷಿಯ ವಿಷಯ. ಅವಳ ಊರು, ಕೆಲಸದ ಜಾಗಗಳನ್ನು ಬದಲಿಸಿ ಬರೆದಿದ್ದೇನೆ. ಕುಡುಮಲಕುಂಟೆಯ ಯಾವುದೋ ಫ್ಯಾಕ್ಟರಿಗೆ ಹೋಗುತ್ತಿದ್ದಳು ಎಂದಿಟ್ಟುಕೊಳ್ಳಿ. ಮೂವತ್ತು ತುಂಬದ ಹೆಂಗಸು, ಗಂಡ ಬಿಟ್ಟುಹೋಗಿದ್ದ, ಎರಡನೇ ಕ್ಲಾಸಿನಲ್ಲಿ ಓದುವ ಮಗಳಿದ್ದಳು. ಕೆಲಸದವರನ್ನು ಕರೆದೊಯ್ಯುವ ವ್ಯಾನಿನ ಡ್ರೈವರ್ ಇವಳ ಹಿಂದೆ ಬಿದ್ದ. ಇವಳು ನಾಲ್ಕು ಜನರ ಮುಂದೆ ಬೈದು, ಬೇರೆ ವ್ಯಾನು ಹತ್ತತೊಡಗಿದಳು. ಅದನ್ನು ಅವನಿಗೆ ಸಹಿಸಲಾಗಲಿಲ್ಲ. ಒಂದು ಸಂಜೆ ದಾರಿಗೆ ಅಡ್ಡ ನಿಂತು ಮಚ್ಚು ಬೀಸಿದ. ತಲೆಗೆ ಬಂದ ಏಟನ್ನು ಅವಳು ಎಡಗೈಯಲ್ಲಿ ತಡೆದಳು. ಆ ಕೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ. ಇನ್ನೂ ಬೆಳಕಿತ್ತು, ಮುಖ ಸರಿಯಾಗಿಯೇ ಕಂಡಿತ್ತು, ಆದರೆ ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ. ಹೊಡೆದವನು ಇವನೇ ಎಂದು ಕಟಕಟೆಯಲ್ಲಿ ನಿಂತು ಹೇಳಬಲ್ಲವಳು ಅವಳೊಬ್ಬಳೇ. ಅವಳು ಹೇಳಿದರೆ ಕೇಸು ನಿಲ್ಲುತ್ತದೆ, ಬಾಯಿ ಮುಚ್ಚಿಕೊಂಡರೆ ಬಿದ್ದುಹೋಗುತ್ತದೆ. ಇದು ನಮಗೂ ಗೊತ್ತಿತ್ತು, ಜಾಮೀನಿನ ಮೇಲೆ ಹೊರಗಿದ್ದ ಅವನ ಕಡೆಯವರಿಗೂ ಗೊತ್ತಿತ್ತು.

ಸಿನಿಮಾದಲ್ಲಿ ತೋರಿಸುವ ಕೋರ್ಟುಗಳಲ್ಲಿ ಸಾಕ್ಷಿ ಎಲ್ಲಿಂದ ಬರುತ್ತಾನೆ ಎಂದು ಯಾರೂ ಯೋಚಿಸುವುದಿಲ್ಲ. ನಮ್ಮಲ್ಲಿ ಸಾಕ್ಷಿ ಬರುವುದು ಕಾರಿಡಾರಿನಿಂದ. ಮೊದಲ ಮಹಡಿಯಲ್ಲಿ ಕೋರ್ಟ್ ಹಾಲಿನ ಬಾಗಿಲ ಹೊರಗೆ ಎದುರುಬದುರಾಗಿ ಎರಡು ಉದ್ದನೆಯ ಬೆಂಚು. ಒಂದರಲ್ಲಿ ಹೊಡೆಸಿಕೊಂಡವರು, ಇನ್ನೊಂದರಲ್ಲಿ ಹೊಡೆದವರು. ಮಧ್ಯದ ಜಾಗ ಎಷ್ಟು ಕಿರಿದೆಂದರೆ ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಮಡಚಿಕೊಳ್ಳಬೇಕು. ಬೆಳಿಗ್ಗೆಯಿಂದ ಅಲ್ಲೇ ಕಾಯಬೇಕು. ಕೇಸು ಬಂದಾಗ ಅಟೆಂಡರ್ ಬಾಗಿಲಿಗೆ ಬಂದು ಸಾಕ್ಷಿಯ ಹೆಸರನ್ನು ಮೂರು ಸಲ ಗಟ್ಟಿಯಾಗಿ ಕೂಗುತ್ತಾನೆ. ಮೂರನೇ ಕೂಗಿಗೂ ಎದ್ದು ಬರದಿದ್ದರೆ ಸಾಕ್ಷಿ ಗೈರುಹಾಜರು, ಕರೆತರಲು ವಾರಂಟ್ ಹೊರಡುತ್ತದೆ. ನಮ್ಮ ಅಜ್ಜನ ಕಾಲದಲ್ಲೂ ಹೀಗೇ ಇತ್ತಂತೆ.

ಆರೋಪಿಯ ಅಣ್ಣ ಪ್ರತಿ ತಾರೀಖಿಗೂ ಬರುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತಗಿನ ಮಾತು. ಕ್ಯಾಂಟೀನಿನಿಂದ ಎರಡೂ ಬೆಂಚಿಗೆ ಕಾಫಿ ತರಿಸುತ್ತಿದ್ದ. ಇವಳ ಕೈಗೂ ಒಂದು ಲೋಟ ಹಿಡಿಸಿ, "ತಗೋಮ್ಮ, ಬೆಳಿಗ್ಗೆಯಿಂದ ಕೂತಿದ್ದೀಯ" ಅನ್ನುತ್ತಿದ್ದ. ಆಮೇಲೆ ಕೇಳುತ್ತಿದ್ದ. "ಪಾಪು ಚೆನ್ನಾಗಿ ಓದ್ತಾ ಇದೆಯಾ? ಈಗ ಮೇಲೂರಲ್ಲೇ ಅಲ್ವಾ, ಅಜ್ಜಿ ಮನೇಲಿ?"

ಮಗಳನ್ನು ವರ್ಷದ ನಡುವೆ ಮೇಲೂರಿನ ಶಾಲೆಗೆ ಸೇರಿಸಿದ್ದನ್ನು ಅವಳು ನನಗೆ ಬಿಟ್ಟರೆ ಹೊರಗಿನ ಯಾರಿಗೂ ಹೇಳಿರಲಿಲ್ಲ.

ಸಾಕ್ಷಿಗೆ ರಕ್ಷಣೆ ಕೊಡಿ ಎಂದು ಅರ್ಜಿ ಹಾಕಿದೆ. ವಿಚಾರಿಸಲು ಬಂದ ಪೊಲೀಸರು ಅವಳನ್ನು ಕೇಳಿದರು. "ಏನಮ್ಮ, ಬೆದರಿಕೆ ಹಾಕಿದ್ದಾನಾ?"

"ಇಲ್ಲ ಸಾರ್. ಕಾಫಿ ಕೊಡಿಸ್ದ. ಮಗು ಹೇಗಿದೆ ಅಂತ ಕೇಳ್ದ."

ಅವರು ನಗಲಿಲ್ಲ ಎನ್ನುವುದೇ ದೊಡ್ಡದು. ಬೆದರಿಕೆ ಕಂಡುಬಂದಿಲ್ಲ ಎಂದು ವರದಿ ಹೋಯಿತು. ಆ ಮಾತಿನ ಹಿಂದೆ ಏನಿದೆ ಎಂದು ವಿವರಿಸಿ ಮತ್ತೊಂದು ಅರ್ಜಿ ಬರೆಯಲು ಕೂತೆ. ಕುಶಲ ವಿಚಾರಿಸಿದ್ದನ್ನು ಅಪರಾಧ ಎಂದು ಬರೆಯುವುದು ಹೇಗೆ? ಬರೆದೆ, ಹೊಡೆದುಹಾಕಿದೆ, ಕೊನೆಗೆ ತಲೆನೋವಿನ ಮಾತ್ರೆ ನುಂಗಿ ಮಲಗಿದೆ. ಅಷ್ಟರಲ್ಲಿ ಎರಡು ತಾರೀಖು ವ್ಯರ್ಥವಾಗಿ ಹೋಗಿದ್ದವು. ಒಂದು ಸಲ ನ್ಯಾಯಾಧೀಶರು ರಜೆ, ಇನ್ನೊಂದು ಸಲ ಸರ್ಕಾರಿ ವಕೀಲರಿಗೆ ವರ್ಗ. ಎರಡೂ ದಿನ ಅವಳು ಸಂಬಳ ಕಳೆದುಕೊಂಡು ಬಂದು, ಆ ಬೆಂಚಿನಲ್ಲಿ ಕೂತು, ಆ ಕಾಫಿ ಕುಡಿದು ಹೋಗಿದ್ದಳು.

ಆಗ ಸುದ್ದಿ ಬಂತು, ದೆಹಲಿಯಿಂದ ಸಂಸತ್ತಿನ ಸಮಿತಿಯೊಂದು ಬರುತ್ತದೆ, ಕೋರ್ಟು ಮತ್ತು ಜೈಲುಗಳಲ್ಲಿ ಜನರಿಗೆ ರಕ್ಷಣೆ, ನೆರವು ಹೇಗಿದೆ ಎಂದು ಪರಿಶೀಲಿಸುತ್ತದೆ ಎಂದು. ಆಮೇಲೆ ನೋಡಬೇಕಿತ್ತು ನಮ್ಮ ಕಟ್ಟಡದ ಸಡಗರ. ಗೋಡೆಗಳಿಗೆ ಸುಣ್ಣಬಣ್ಣ, ಶೌಚಾಲಯಕ್ಕೆ ಚಿಲಕ, ಎಷ್ಟೋ ಕಾಲದಿಂದ ಸೋರುತ್ತಿದ್ದ ನಲ್ಲಿಗೆ ಹೊಸ ತಲೆ. ಕೈದಿಗಳನ್ನು ಕಾಣಲು ನಾನು ಆಗಾಗ ಜೈಲಿಗೆ ಹೋಗುತ್ತೇನೆ. ಅಲ್ಲಿ ಒಬ್ಬ ಮುದುಕ ಕಂಬಿಯ ಆಚೆಯಿಂದ, "ಯಾರಮ್ಮ ಬರೋದು? ಹೊಸ ಜಮಖಾನ ಕೊಟ್ಟವ್ರೆ" ಎಂದು ಗಾಬರಿಯಾಗಿ ಕೇಳಿದ. ಒಳ್ಳೆಯದಾದರೂ ಹೆದರುವಷ್ಟು ಅಭ್ಯಾಸ ತಪ್ಪಿತ್ತು ಅವನಿಗೆ.

ಕೋರ್ಟಿನ ನೆಲಮಹಡಿಯ ತುದಿಯಲ್ಲಿ, ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದ ಒಂದು ಕೋಣೆ ಸಾಕ್ಷಿಗಳ ವಿಶ್ರಾಂತಿ ಕೊಠಡಿಯಾಯಿತು. ದಪ್ಪ ಬಾಗಿಲು, ಪರದೆ, ಏಸಿ, ಮಕ್ಕಳಿಗೆ ಆಟದ ಸಾಮಾನು, ಇನ್ನೂ ಪ್ಲಾಸ್ಟಿಕ್ ಹೊದಿಕೆ ತೆಗೆಯದ ಒಂದು ಸೋಫಾ. ನಾನು ಇದನ್ನು ಹೀಗೆ ವ್ಯಂಗ್ಯವಾಗಿ ಬರೆಯುತ್ತಿದ್ದೇನೆ, ಆದರೆ ಅವತ್ತು ನನಗೆ ನಿಜವಾಗಿ ಖುಷಿಯಾಗಿತ್ತು. ಸಾಕ್ಷಿಗಳಿಗೆ ಬೇರೆ ಜಾಗ ಕೊಡಿ ಎಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡವಳು ನಾನು. ಯಾವ ಕಾರಣಕ್ಕಾದರೂ ಸರಿ, ಬಂತಲ್ಲ ಅನ್ನಿಸಿತು. ಸಮಿತಿಯ ಮುಂದೆ ಮಾತಾಡಲು ನನಗೂ ಐದು ನಿಮಿಷ ಕೊಟ್ಟಿದ್ದರು. ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. "ಐದು ನಿಮಿಷದಲ್ಲಿ ನೀನು ಸಲಾಂ ಹೇಳೋದೂ ಮುಗಿಯಲ್ಲ" ಎಂದು ನನ್ನ ಯಜಮಾನರು ಗೇಲಿ ಮಾಡಿದರು. ಇರಲಿ, ಆ ಎರಡು ಬೆಂಚುಗಳ ವಿಷಯವನ್ನಾದರೂ ಹೇಳಿಯೇ ಬರುತ್ತೇನೆ ಅಂದುಕೊಂಡಿದ್ದೆ.

ಸಮಿತಿ ಬಂದ ದಿನವೇ ಅವಳ ತಾರೀಖೂ ಬಿತ್ತು. ಬೆಳಿಗ್ಗೆಯೇ ಒಬ್ಬ ಅಧಿಕಾರಿ ನನ್ನ ಹತ್ತಿರ ಬಂದು, "ಮೇಡಂ, ನಿಮ್ಮ ಸಾಕ್ಷಿನ ಆ ರೂಮಲ್ಲಿ ಕೂರಿಸಿ. ಖಾಲಿ ಇದ್ರೆ ಚೆನ್ನಾಗಿ ಕಾಣ್ಸಲ್ಲ" ಅಂದರು. ಕೂರಿಸಿದೆ. ಹೆಸರು ಕೂಗುವ ಅಟೆಂಡರ್‌ಗೆ, ಅವಳು ಕೆಳಗಿದ್ದಾಳೆ, ಬಂದು ಕರೆಯಪ್ಪ ಎಂದು ಹೇಳಿಯೂ ಬಂದೆ. ಅವಳು ಮೊದಲು ಸೋಫಾದ ಅಂಚಿನಲ್ಲಿ ಕೂತಳು. ಆಮೇಲೆ ಹಿಂದಕ್ಕೆ ಒರಗಿದಳು. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿ ನಿದ್ದೆ ಹೋದಳು. ಕೋರ್ಟಿನಲ್ಲಿ ಅವಳು ಮೈ ಸಡಿಲ ಬಿಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಮಿತಿಯವರು ಐದಾರು ಜನ, ಅವರ ಹಿಂದೆ ದಿಬ್ಬಣದಷ್ಟು ಅಧಿಕಾರಿಗಳು. ಎಲ್ಲರೂ ಒಳಗೆ ಬಂದು ಬಾಗಿಲು ಮುಚ್ಚಿಕೊಂಡರು. ಸದಸ್ಯರಲ್ಲಿ ಒಬ್ಬ ಹೆಂಗಸು ಇವಳ ಪಕ್ಕದಲ್ಲೇ ಕೂತು, ಮಡಚದ ಆ ಬೆರಳುಗಳನ್ನು ನೋಡಿ, ಇಲ್ಲಿ ಭಯವಾಗುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಕೇಳಿದ ರೀತಿ ಮನಸ್ಸಿನಿಂದ ಬಂದದ್ದು, ತೋರಿಕೆಯದಲ್ಲ. ನಾನು ತೆಲುಗಿನಲ್ಲಿ ಹೇಳಿದೆ. ಅವಳು ಸುತ್ತ ನೋಡಿ, "ಇಲ್ಲಿ ಚೆನ್ನಾಗಿದೆ ಮೇಡಂ. ಹೊರಗಡೆದು ಏನೂ ಕೇಳ್ಸಲ್ಲ" ಅಂದಳು. ಅದನ್ನು ಹಿಂದಿಗೆ ತಿರುಗಿಸಿದೆ. ಎಲ್ಲರಿಗೂ ಸಂತೋಷವಾಯಿತು, ಯಾರೋ ಬರೆದುಕೊಂಡರು.

ಆ ಹೊತ್ತಿಗೆ ಸರಿಯಾಗಿ ಮೇಲಿನ ಮಹಡಿಯಲ್ಲಿ ಅವಳ ಹೆಸರು ಕೂಗುತ್ತಿದ್ದರು. ನಾನು ಹೇಳಿಬಂದಿದ್ದ ಅಟೆಂಡರನ್ನು ಸಮಿತಿಗೆ ಟೀ ಕೊಡಲು ಕಳಿಸಿ, ಬೇರೆ ಕೋರ್ಟ್ ಹಾಲಿನ ಅಟೆಂಡರನ್ನು ತಂದು ನಿಲ್ಲಿಸಿದ್ದರು. ಅವನಿಗೆ ಏನು ಗೊತ್ತು? ಮೂರು ಸಲ ಕೂಗಿದ, ಒಳಗೆ ಹೋದ.

ನಮಗೆ ವಿಷಯ ತಿಳಿಸಿದವನು ಆರೋಪಿಯ ಅಣ್ಣ. ನಾವು ಕೋಣೆಯಿಂದ ಹೊರಗೆ ಬರುವಾಗ ಮೆಟ್ಟಿಲಿಳಿದು ಎದುರಾದ. "ಏನಮ್ಮ, ಅಷ್ಟು ಕೂಗಿದ್ರು, ನೀನು ಬರ್ಲೇ ಇಲ್ವಲ್ಲ. ನಿನ್ನ ಮೇಲೆ ವಾರಂಟ್ ಆಯ್ತು" ಅಂದ. ನಗಲೂ ಇಲ್ಲ, ನಿಜವಾಗಿ ಮರುಗಿದವನಂತೆ ಹೇಳಿದ.

ಮೊಣಕಾಲು ಮರೆತು ಮೇಲಕ್ಕೆ ಓಡಿದೆ. ನ್ಯಾಯಾಧೀಶರು ಒಳ್ಳೆಯವರು, ವಿಷಯ ಕೇಳಿ ತಕ್ಷಣ ವಾರಂಟ್ ರದ್ದು ಮಾಡಿದರು. ಆದರೆ ಸರ್ಕಾರಿ ವಕೀಲರು ಸಮಿತಿಯ ಸಭೆಗೆ ಹೋಗಿದ್ದರು, ಎದುರು ವಕೀಲರು ಇನ್ನೊಂದು ಊರಿನ ಬಸ್ಸು ಹತ್ತಿಯಾಗಿತ್ತು. ಸಾಕ್ಷಿ ಹೇಳಿಸುವವರೂ ಇಲ್ಲ, ಪ್ರಶ್ನೆ ಕೇಳುವವರೂ ಇಲ್ಲ. ಮುಂದಿನ ತಿಂಗಳಿಗೆ ಹೋಯಿತು. ನಾನು ಕೆಳಗೆ ಬರುವಷ್ಟರಲ್ಲಿ ಸಭೆ ಮುಗಿಸಿ ಸಮಿತಿ ಜೈಲು ನೋಡಲು ಹೊರಟುಹೋಗಿತ್ತು. ನಿಮ್ಮ ಐದು ನಿಮಿಷದ ಮಾತನ್ನು ಬರೆದು ಕಳಿಸಿ ಎಂದು ಅಧಿಕಾರಿಗಳು ಅಂದರು. ಕಳಿಸಿದೆ. ತಲುಪಿದೆ ಎಂದು ಉತ್ತರ ಬಂತು.

ಯಾರನ್ನು ಬೈಯುವುದು? ಕೋಣೆ ಮಾಡಿಸಿದವರು ಕೆಟ್ಟವರಲ್ಲ, ನೋಡಲು ಬಂದವರೂ ಕೆಟ್ಟವರಲ್ಲ. ಸಾಕ್ಷಿಗೆ ಸೋಫಾ ಬೇಕು ಎಂದು ಹೊಳೆದವರಿಗೆ ಕೂಗು ಅಲ್ಲಿಗೆ ತಲುಪಬೇಕು ಎಂದು ಹೊಳೆಯಲಿಲ್ಲ, ಅಷ್ಟೇ. ಅದು ಯಾರ ತಪ್ಪೂ ಅಲ್ಲ ಎಂಬುದೇ ನನಗೆ ಹೊಟ್ಟೆ ಉರಿಸಿತು. ಬೈಯಲು ಒಬ್ಬ ಮನುಷ್ಯ ಸಿಕ್ಕಿದ್ದರೆ ಅವತ್ತು ರಾತ್ರಿ ಊಟವಾದರೂ ಸೇರುತ್ತಿತ್ತು.

ಆ ತಿಂಗಳಲ್ಲಿ ಒಂದು ದಿನ ಅವಳು ಫೋನು ಮಾಡಿದಳು. ಆರೋಪಿಯ ಅಣ್ಣ ಮೇಲೂರಿನ ಶಾಲೆಯ ಹೊರಗೆ ನಿಂತಿದ್ದು, ಮಗುವಿನ ಕೈಗೆ ಬಿಸ್ಕತ್ತಿನ ಪ್ಯಾಕೆಟ್ ಕೊಟ್ಟು ಹೋಗಿದ್ದನಂತೆ. "ನಾನು ಕಿತ್ಕೊಂಡು ಬಿಸಾಕ್ದೆ ಮೇಡಂ. ಅವಳು ಬಿಸ್ಕತ್ ಬೇಕು ಅಂತ ಅತ್ತಳು. ನಾನೂ ಅತ್ತೆ." ಪೊಲೀಸರಿಗೆ ಏನೆಂದು ಹೇಳುವುದು? ಬಿಸ್ಕತ್ ಕೊಟ್ಟ ಎಂದೇ? ಹೋಗಲಿ ಬಿಡು, ಗುರುತು ಸಿಗಲಿಲ್ಲ ಎಂದುಬಿಡು ಎಂಬ ಮಾತು ನಾಲಿಗೆಯ ತುದಿಗೆ ಬಂತು. ವಕೀಲೆಯಾದವಳು ಅದನ್ನು ಆಡುವಂತಿಲ್ಲ. "ಯೋಚನೆ ಮಾಡು ಕಣಮ್ಮ" ಅಂದೆ. "ಯೋಚನೆ ಮಾಡೇ ಈ ಕೈ ಅಡ್ಡ ಕೊಟ್ಟೆನಾ ಮೇಡಂ" ಅಂದಳು.

ಮುಂದಿನ ತಾರೀಖಿಗೆ ಹೋದಾಗ ಕೋಣೆಗೆ ಬೀಗವಿತ್ತು. ಅಲೆದಾಡಿ ತೆಗೆಸಿದೆ. ಅವಳು ಒಳಗೆ ಬರಲಿಲ್ಲ.

"ಬೇಡ ಮೇಡಂ. ಇಲ್ಲಿ ಕೂತ್ರೆ ಕೂಗು ಕೇಳ್ಸಲ್ಲ."

"ನಾನು ಮೇಲೆ ನಿಂತಿರ್ತೀನಿ. ಬಂದು ಕರೀತೀನಿ."

"ನೀವು ಎಷ್ಟು ಕಡೆ ನಿಲ್ತೀರಾ?"

ಅವಳು ಹೇಳಿದ್ದು ಸರಿ. ಅವತ್ತು ನನಗೆ ಪಕ್ಕದ ಹಾಲಿನಲ್ಲಿ ಇನ್ನೂ ಎರಡು ಕೇಸಿದ್ದವು. ಅವಳು ಮೇಲಕ್ಕೆ ಹೋಗಿ ಅದೇ ಬೆಂಚಿನಲ್ಲಿ, ಅವರ ಎದುರಿಗೇ ಕೂತಳು. ನಾನು ಆಚೆ ಈಚೆ ಓಡಾಡುವಾಗೆಲ್ಲ ಕಣ್ಣಿಗೆ ಬೀಳುತ್ತಿದ್ದಳು. ಕಾಫಿ ಬಂತು. ತೆಗೆದುಕೊಂಡು ಬೆಂಚಿನ ಕೆಳಗೆ ಇಟ್ಟಳು. ಎದುರು ಬೆಂಚಿನವರು ಏನೋ ಕೇಳಿದರು. ಬಾಗಿಲ ಕಡೆಯೇ ನೋಡುತ್ತ ತಲೆಯಾಡಿಸಿದಳು. ಊಟದ ಹೊತ್ತಿನಲ್ಲೂ ಏಳಲಿಲ್ಲ, ಶೌಚಕ್ಕೂ ಹೋಗಲಿಲ್ಲ. ಮಧ್ಯಾಹ್ನದ ಮೇಲೆ ಕೂಗು ಬಂದಾಗ, ಹೆಸರು ಪೂರ್ತಿಯಾಗುವ ಮೊದಲೇ ಎದ್ದು ಒಳಗೆ ನಡೆದಳು.

ಎಲ್ಲವನ್ನೂ ಹೇಳಿದಳು. ಹೊಡೆದವನು ಯಾರು ಎಂದಾಗ ಮಡಚದ ಬೆರಳುಗಳ ಆ ಎಡಗೈಯನ್ನೇ ಎತ್ತಿ ತೋರಿಸಿದಳು. ಎದುರು ವಕೀಲರು ತಿರುಗಿಸಿ ಮುರುಗಿಸಿ ಕೇಳಿದರು, ಕತ್ತಲಿತ್ತು ಅಂದರು, ಹಳೇ ದ್ವೇಷ ಅಂದರು, ನಿನ್ನ ನಡತೆ ಸರಿಯಿಲ್ಲ ಎಂದೂ ಅಂದರು. ಅವಳ ದನಿ ನಡುಗಿತು, ಮಾತು ಬದಲಾಗಲಿಲ್ಲ. ಇಷ್ಟು ವರ್ಷದ ಕರಿ ಕೋಟಿನಲ್ಲಿ ನನಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ. ಹೊರಗೆ ಬಂದಾಗ ಸರ್ಕಾರಿ ವಕೀಲರು, "ಭೇಷ್ ಕಣಮ್ಮ. ನಿನ್ನ ಕೆಲಸ ಮುಗೀತು, ಇನ್ನು ನೀನು ಬರ್ಬೇಕಾಗಿಲ್ಲ" ಎಂದು ಮನಸಾರೆ ಹೇಳಿದರು.

ಆರೋಪಿಯ ಅಣ್ಣ ನಮ್ಮ ಪಕ್ಕದಲ್ಲೇ ಮೆಟ್ಟಿಲಿಳಿದು ಹೋದ. ಅವತ್ತು ಅವನು ಅವಳನ್ನು ಏನೂ ಕೇಳಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಇಷ್ಟು ದಿನ ನನ್ನ ಬಾಯಿ ಮುಚ್ಚಿಸ್ಬೇಕು ಅಂತ ಅವರು ಮೆತ್ತಗಿದ್ರು ಮೇಡಂ. ಈಗ ಹೇಳಿದ್ದಾಯ್ತು. ಇನ್ನು ಯಾಕೆ ಮೆತ್ತಗಿರ್ತಾರೆ?"

ನಾನು ಸಮಿತಿಗೆ ಬರೆದು ಕಳಿಸಿದ್ದರಲ್ಲಿ ಈ ಪ್ರಶ್ನೆ ಇರಲಿಲ್ಲ. ನನಗೇ ಹೊಳೆದಿರಲಿಲ್ಲ. ಸಾಕ್ಷಿ ಹೇಳುವ ತನಕದ ದಾರಿಯನ್ನಷ್ಟೇ ನಾವೆಲ್ಲ ಯೋಚಿಸಿದ್ದೆವು. ಮಗಳಿದ್ದ ಮೇಲೂರಿನ ಬಸ್ಸು ಬಂತು. ನನ್ನ ಮನೆ ಬೇರೆ ದಿಕ್ಕಿಗೆ, ಆದರೂ ಅವಳ ಹಿಂದೆಯೇ ಹತ್ತಿದೆ. ಅವಳು ಕಿಟಕಿಯ ಕಡೆ ಜರುಗಿ ಜಾಗ ಮಾಡಿಕೊಟ್ಟಳು. ಸ್ವಲ್ಪ ದೂರ ಹೋದ ಮೇಲೆ, "ನಾಳೆ ನಿಮಗೆ ಕೋರ್ಟಿದೆಯಾ ಮೇಡಂ?" ಎಂದು ಕೇಳಿದಳು. ಚಿಂತಾಮಣಿಯಲ್ಲಿ ಇದೆ ಅಂದೆ.