ಸಂಗಪ್ಪ ಕಾಕಾ ಹೇಳಿದ ಐದು ದಿನ

ಸಂಗಪ್ಪ ಕಾಕಾರ ಬಲಹೆಗಲು ಎಡಹೆಗಲಿಗಿಂತ ಎರಡು ಬೆರಳು ತಗ್ಗು. ಮೂವತ್ತೈದು ವರ್ಷ ಅದೇ ಹೆಗಲ ಮೇಲೆ ಮಗ್ಗದ ಹಾಸಿನ ಸುರುಳಿ ಹೊತ್ತು ರಬಕವಿ-ಬನಹಟ್ಟಿಯ ಓಣಿ ಓಣಿ ತಿರುಗಿದರೆ ಇನ್ನೇನಾಗುತ್ತದೆ? ಅಂಗಿಗೆ ಅಳತೆ ತೆಗೆಯುವ ದರ್ಜಿ ತಲೆ ಕೆರೆದುಕೊಂಡರೆ, "ನೀ ಸೀದಾ ಹೊಲಿ, ನಾ ಸೊಟ್ಟ ಹಾಕ್ಕೋತೇನಿ" ಅನ್ನುತ್ತಿದ್ದರಂತೆ. ಅವರ ಯಾವ ಅಂಗಿಯೂ ನೆಟ್ಟಗೆ ಕೂತದ್ದನ್ನು ನಾನು ನೋಡಲಿಲ್ಲ.

ನಾನು ಜಮಖಂಡಿಯವಳು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬನಹಟ್ಟಿಗೆ ಹೋಗಿ, ಒಬ್ಬ ಸೀರೆ ಸಾವಕಾರರ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಸಾವಕಾರರು ನೂಲು ತರಿಸಿ, ಬಣ್ಣ ಹಾಕಿಸಿ, ಮಗ್ಗಕ್ಕೆ ಏರಿಸುವ ಉದ್ದೆಳೆಗಳ ಹಾಸು ಮಾಡಿಸಿ ನಲವತ್ತು ಕೈಮಗ್ಗದ ಮನೆಗಳಿಗೆ ಕೊಡುತ್ತಾರೆ. ಆ ಮನೆಗಳು ಸೀರೆ ನೇಯ್ದು ಕೊಡುತ್ತವೆ. ಹಾಸು ಮುಟ್ಟಿಸುವುದು, ಸೀರೆ ತರುವುದು, ನಡುವೆ ಬರುವ ಸಿಟ್ಟು ಸೆಡವುಗಳನ್ನೆಲ್ಲ ನುಂಗಿಕೊಳ್ಳುವುದು ಕಾಕಾರ ಕೆಲಸ. ಅಂಗಡಿಗೆ ನಾನು ಸೇರಿದ ಮೊದಲ ದಿನವೇ ನನ್ನ ಡಬ್ಬಿ ತೆರೆಸಿ ನೋಡಿ, ಬರೀ ಅವಲಕ್ಕಿ ತಂದು ಸಂಜೆತನಕ ಹೆಂಗ ಇರತಿ ಅಂತ ಬೈದಿದ್ದರು. ಮರುದಿನದಿಂದ ಅವರ ಬುತ್ತಿಯಲ್ಲಿ ನನ್ನದೊಂದು ರೊಟ್ಟಿ ಹೆಚ್ಚಿಗೆ ಬರತೊಡಗಿತು.

ಒಂದು ಮಳೆಗಾಲ ಕೃಷ್ಣೆ, ಘಟಪ್ರಭೆ ಎರಡೂ ಸೊಕ್ಕಿ ಬಂದು ಇಚಲಕರಂಜಿಯಿಂದ ಬರಬೇಕಾದ ನೂಲಿನ ಲಾರಿ ದಾರಿಯಲ್ಲೇ ನಿಂತಿತು. ಮೂರು ವಾರ ಮಗ್ಗಗಳು ಖಾಲಿ. ಇನ್ನೊಮ್ಮೆ ಹೀಗಾಗಬಾರದು ಅಂತ ಸಾವಕಾರರು ಪಟ್ಟು ಹಿಡಿದು ಒಂದು ಎಐ ಪ್ರೋಗ್ರಾಂ ಹಾಕಿಸಿದರು. ಯಾವ ನೂಲು ಯಾವಾಗ ತರಿಸಬೇಕು, ಯಾವ ಬಣ್ಣಕ್ಕೆ ಬೇಡಿಕೆ ಬರುತ್ತದೆ, ಯಾವ ಮನೆಗೆ ಯಾವ ಹಾಸು ಕೊಟ್ಟರೆ ಸೀರೆ ಹೊತ್ತಿಗೆ ಸರಿಯಾಗಿ ಬರುತ್ತದೆ, ಎಲ್ಲವನ್ನೂ ಅದೇ ಲೆಕ್ಕ ಹಾಕಿ ಹೇಳುತ್ತದೆ. ಆದರೆ ಮೊದಲು ಅದಕ್ಕೆ ನಮ್ಮ ಮನೆಗಳ ಪರಿಚಯ ಮಾಡಿಕೊಡಬೇಕು. ಆ ಪರಿಚಯ ಪೂರ್ತಿ ಇದ್ದದ್ದು ಕಾಕಾರ ತಲೆಯಲ್ಲಿ ಮಾತ್ರ.

ಹೀಗೆ ಮೂರು ವಾರ ಅವರು ಹೇಳುವುದು, ನಾನು ಬರೆದುಕೊಳ್ಳುವುದು ನಡೆಯಿತು. ನಾನು ಕೇಳಿದ್ದಕ್ಕೆ ಅವರು ಒಂದು ದಿನವೂ ನೇರ ಉತ್ತರ ಕೊಡಲಿಲ್ಲ. ಒಂದು ಸೀರೆಗೆ ಎಷ್ಟು ದಿನ ಅಂದರೆ ಆ ಮನೆಯ ಸೊಸೆಗೆ ಏಳು ತಿಂಗಳು, ತವರಿಗೆ ಹೋಗುತ್ತಾಳೆ, ಲಾಳಿಗೆ ನೂಲಿನ ಕಂಡಿಕೆ ಸುತ್ತುವವರಿಲ್ಲ ಅಂತ ಶುರುಮಾಡುವರು. ಇನ್ನೊಂದು ಮನೆಯ ಯಜಮಾನನಿಗೆ ಮುಧೋಳ ನಾಯಿ ಸಾಕುವ ಹುಚ್ಚು, ನಾಯಿ ಮರಿ ಹಾಕಿದ ವಾರ ಆತ ಮಗ್ಗದ ಕಡೆ ತಿರುಗಿಯೂ ನೋಡುವುದಿಲ್ಲ. ಇದನ್ನೆಲ್ಲ ಯಾವ ಕಾಲಮ್ಮಿನಲ್ಲಿ ತುಂಬುವುದೋ ತಿಳಿಯದೆ, ಕಡೆಗೆ ದಿನ ಎಷ್ಟು ಅದೊಂದು ಹೇಳಿರಿ ಅಂತ ಗಂಟುಬೀಳುತ್ತಿದ್ದೆ. ಆಗ ನಾಲ್ಕು ಅಥವಾ ಐದು ಅನ್ನುವರು. ಗಂಗವ್ವನ ಮನೆಗೂ ಐದು ಅಂದರು.

ಗಂಗವ್ವ ಮತ್ತು ಅವರ ತಂಗಿ ಒಂದೇ ಮನೆಯಲ್ಲಿರುತ್ತಾರೆ. ಅಕ್ಕ ನೇಯುತ್ತಾರೆ, ತಂಗಿ ಕಂಡಿಕೆ ಸುತ್ತುತ್ತಾರೆ. ಅರವತ್ತು ದಾಟಿದ ಇಬ್ಬರಿಗೂ ಆ ಮಗ್ಗ ಬಿಟ್ಟರೆ ಬೇರೆ ಬದುಕಿಲ್ಲ.

ಪ್ರೋಗ್ರಾಂ ಚೆನ್ನಾಗಿಯೇ ನಡೆಯಿತು. ಮುಂದಿನ ಮಳೆಗಾಲಕ್ಕೆ ಹದಿನೈದು ದಿನ ಮೊದಲೇ ನೂಲು ತರಿಸಿಡಿ ಅಂದಿತು. ಇನ್ನೂ ಮೋಡವೇ ಕಟ್ಟಿಲ್ಲ ಅಂತ ಕಾಕಾ ನಕ್ಕರು. ಆಮೇಲೆ ಹೊಳೆ ಬಂತು, ದಾರಿ ಕಟ್ಟಾಯಿತು, ನಮ್ಮ ಒಂದು ಮಗ್ಗವೂ ನಿಲ್ಲಲಿಲ್ಲ. ಕಾಕಾ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಕಂಪ್ಯೂಟರ್ ಮುಂದೆ ಕೈಕಟ್ಟಿ ನಿಂತು, "ಶಾಣ್ಯಾ ಐತಿ ಬಿಡು" ಅಂದರು. ಸೋತದ್ದನ್ನು ಇಷ್ಟು ಖುಷಿಯಿಂದ ಒಪ್ಪಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಮದುವೆಯ ದಿನಗಳು ಬಂದವು. ಸೊಲ್ಲಾಪುರದ ಒಬ್ಬ ವ್ಯಾಪಾರಿಗೆ ಇಂಥ ದಿನವೇ ಸೀರೆ ಮುಟ್ಟಬೇಕಿತ್ತು. ಪ್ರೋಗ್ರಾಂ ಹದಿನೈದು ದಿನಕ್ಕೆ ಮೂರು ಸೀರೆ ಅಂತ ಲೆಕ್ಕ ಹಾಕಿ ಆ ಅವಸರದ ಹಾಸನ್ನು ಗಂಗವ್ವನಿಗೆ ಕೊಟ್ಟಿತು. ಹದಿನೈದನೆಯ ದಿನ ಅವರ ಮಗ್ಗದಿಂದ ಇಳಿದದ್ದು ಒಂದೇ ಸೀರೆ. ಎರಡನೆಯದು ಇನ್ನೂ ಮಗ್ಗದ ಮೇಲಿತ್ತು. ಪರದೆಯ ಮೇಲೆ ಗಂಗವ್ವನ ಹೆಸರು ಕೆಂಪಾಯಿತು. ಮುಂದಿನ ಪಟ್ಟಿಯಲ್ಲಿ ಅವರಿಗೆ ಹಾಸೇ ಇರಲಿಲ್ಲ. ಅದರ ಮುಂದಿನ ಪಟ್ಟಿಯಲ್ಲೂ ಇರಲಿಲ್ಲ.

ಮಷೀನು ಎಲ್ಲೋ ತಪ್ಪಿದೆ, ನೋಡು ಅಂತ ಕಾಕಾ ಬಂದರು. ನಾನು ಅವರ ಎದುರಿಗೇ ತೆರೆದು ತೋರಿಸಿದೆ. ಹೇಳಿದ್ದು ಐದು, ಆದದ್ದು ಎಂಟು, ಆದ್ದರಿಂದ ಈ ಮನೆಯನ್ನು ನಂಬುವ ಹಾಗಿಲ್ಲ ಅಂತ ಅದು ತೀರ್ಮಾನ ಮಾಡಿತ್ತು. ಕಾಕಾ ಅಲ್ಲೇ ನೂಲಿನ ಗಂಟಿನ ಮೇಲೆ ಕೂತುಬಿಟ್ಟರು.

"ಅದು ಎಂಟ ಅಂತ ನನಗ ಗೊತ್ತಿತ್ತ ತಂಗೀ. ಒಬ್ಬರ ಮನಿ ಕೈ ಮಂದ ಐತಿ ಅಂತ ಹೊರಗ ಹೆಂಗ ಹೇಳೂದು? ಅವರ ಮನಿ ಚಾ ಕುಡದೇನಿ."

ಹಾಗಾದರೆ ಇಷ್ಟು ವರ್ಷ ಹೇಗೆ ನಡೆಯಿತು ಅಂತ ಕೇಳಿದೆ. ಸಾವಕಾರರಿಗೂ ಅವರು ಐದು ಅಂತಲೇ ಹೇಳುತ್ತಿದ್ದರಂತೆ. ಆದರೆ ಗಂಗವ್ವನಿಗೆ ಯಾರಿಗೂ ಗೊತ್ತಾಗದಂತೆ ಸೀರೆಗೆ ಮೂರು ದಿನದ ಲೆಕ್ಕದಲ್ಲಿ ಮೊದಲೇ ಹಾಸು ಮುಟ್ಟಿಸುತ್ತಿದ್ದರು. ಅವಸರದ್ದನ್ನು ಕೈ ಚುರುಕಿರುವ ಮನೆಗೆ ದಾಟಿಸುತ್ತಿದ್ದರು. ಗಂಗವ್ವನಂತೆ ಕೈ ನಿಧಾನವಿರುವ ಮನೆಗಳು ಇನ್ನೂ ಆರು ಇದ್ದವು. ಈಗ ಮನೆ, ದಿನ ಎರಡನ್ನೂ ಪ್ರೋಗ್ರಾಂ ಗೊತ್ತುಮಾಡುವುದರಿಂದ ಆ ದಾರಿ ಮುಚ್ಚಿತ್ತು. ಈ ಊರಲ್ಲಿ ನೇಕಾರರ ಕೈ ನಿಧಾನ ಅನ್ನುವುದು ಮನೆಯ ಮರ್ಯಾದೆಯ ಮಾತು. ಅದನ್ನು ಕಾಯಲು ಕಾಕಾ ಬಿಸಿಲಲ್ಲಿ ಎರಡೆರಡು ಸಲ ಸುತ್ತಿದ್ದಾರೆ ಅಂತ ನನಗೆ ಅಂದು ತಿಳಿಯಿತು.

"ನಾ ಹೇಳಿದ ಸುಳ್ಳ ನಾನ ಹೊತಗೊಂಡ ತಿರಗತಿದ್ನಿ," ಅಂದರು. "ಈಗ ಅದು ಆಕಿ ಮ್ಯಾಲೆ ಬಿತ್ತ ನೋಡು."

ಐದನ್ನು ಈಗಲೇ ಎಂಟು ಮಾಡುತ್ತೇನೆ ಅಂದೆ. ಅವರು ನನ್ನ ಕೈ ತಡೆದರು. ಗಂಗವ್ವನನ್ನು ಕೇಳದೆ ಬರೆಯುವ ಹಾಗಿಲ್ಲ. ಇಬ್ಬರೂ ಅವರ ಮನೆಗೆ ಹೋದೆವು. ಅಕ್ಕತಂಗಿಯರು ಖಾಲಿ ಮಗ್ಗದ ಪಕ್ಕ ಕೂತು ಶೇಂಗಾ ಸುಲಿಯುತ್ತಿದ್ದರು. ಕಾಕಾ ಹೇಳಬೇಕಾದ್ದನ್ನು ಬಿಟ್ಟು ಬೇರೆಲ್ಲ ಹೇಳಿದರು, ಚಹಾ ಕುಡಿದರು, ಕಡೆಗೆ ನೆಲ ನೋಡುತ್ತ ತಾನು ಹೀಗೆ ಬರೆಸಿದ್ದೆ ಅಂದರು. ಗಂಗವ್ವ ಅವರ ಕಡೆ ತಿರುಗಲಿಲ್ಲ, ನನಗೆ ಹೇಳಿದರು.

"ಎಂಟ ಬರೀರಿ ಬಾಯಾರ. ನನ್ನ ಕೈಗೆ ಇಲ್ಲದ ನಾಚಿಕಿ ಸಂಗಪ್ಪಗ ಯಾಕ?"

ಕಾಕಾ ಕಣ್ಣು ಒರೆಸಿಕೊಂಡರು.

ಉಳಿದ ಆರು ಮನೆಗಳಿಗೂ ಅವರೇ ಹೋಗಿ ಕೇಳಿ ಬಂದರು. ಒಬ್ಬಾತ ಬಾಗಿಲು ಹಾಕಿಕೊಂಡು, ಎರಡು ದಿನ ಬಿಟ್ಟು ತಾನೇ ಅಂಗಡಿಗೆ ಬಂದು ಏಳು ಅಂತ ಹೇಳಿ ಹೋದ. ಖರೇ ದಿನ ಬರೆದ ಮೇಲೆ ಪ್ರೋಗ್ರಾಂ ಅವಸರವಿಲ್ಲದ, ದೊಡ್ಡ ದಡಿಯ, ಅಗಲ ಅಂಚಿನ ಸೀರೆಗಳನ್ನು ಆ ಮನೆಗಳಿಗೆ ಹಂಚಿತು. ಗಂಗವ್ವನ ಹೆಸರು ಪಟ್ಟಿಗೆ ಮರಳಿತು.

ಅದಾದ ತಿಂಗಳಿಗೆ ಕಾಕಾ ಒಂದು ಮಧ್ಯಾಹ್ನ ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಪ್ರೋಗ್ರಾಂನಲ್ಲಿ ಹಾಸು ಮುಟ್ಟಿಸುವವರ ಪಟ್ಟಿಯ ತಮ್ಮ ಸಾಲನ್ನು ತೆರೆಯಲು ಹೇಳಿದರು. ದಿನಕ್ಕೆ ಎಂಟು ಮನೆ ಅಂತ ಹಿಂದೆ ಅವರೇ ಬರೆಸಿದ್ದರು.

"ಎರಡ ಮಾಡು ತಂಗಿ. ಮೊಣಕಾಲ ಕೇಳವಲ್ಲವು."

ಹಾಗೆ ಬರೆದರೆ ನಿಮಗೆ ಕೆಲಸವೇ ಬರುವುದಿಲ್ಲ ಅಂತ ಹೇಳಿದೆ. ನಾಲ್ಕು ಬರೆಯುತ್ತೇನೆ ಅಂತ ಅಂಗಲಾಚಿದೆ. ಗಂಗವ್ವನ ಬಾಯಿಂದ ಎಂಟು ಅನ್ನಿಸಿದವನು ತಾನು ಹೇಗೆ ನಾಲ್ಕು ಅನ್ನಲಿ ಅಂದರು. ಎರಡು ಅಂತಲೇ ಬರೆದೆ. ಮರುದಿನದ ಪಟ್ಟಿಯಲ್ಲಿ ಅವರ ಮನೆಗಳೆಲ್ಲ ಒಂದು ಟಂಟಂ ಗಾಡಿಗೆ ಹೋದವು. ಅಂಗಡಿಯಲ್ಲೇ ಕೂತಿರಿ ಅಂತ ಸಾವಕಾರರು ಎಷ್ಟೋ ಹೇಳಿದರು. ಕೂತು ಗೊತ್ತಿಲ್ಲದವರು, ಒಪ್ಪಲಿಲ್ಲ.

ಕಡೆಯ ಸಲ ಸಿಕ್ಕದ್ದು ಬನಹಟ್ಟಿ ಬಸ್‌ಸ್ಟ್ಯಾಂಡಿನಲ್ಲಿ. ಸಾವಳಗಿಯ ಮಗಳ ಮನೆಗೆ ಹೊರಟಿದ್ದರು. ಮಷೀನು ಗಂಗವ್ವನಿಗೆ ಹಾಸು ಕೊಟ್ಟಿದೆಯಾ ಅಂತ ಕೇಳಿದರು. ಕೊಟ್ಟಿದೆ ಅಂದೆ. ಎಷ್ಟು ದಿನ ಅಂತ ಕೇಳಿದರು. ಎಂಟು ಅಂದೆ. "ಛಲೋ ಆತು" ಅಂದು ಬಸ್ಸು ಹತ್ತಿದರು.

ಎರಡು ವಾರ ಕಳೆದು ಅವರ ದೇಹವನ್ನು ಬನಹಟ್ಟಿಗೆ ತಂದರು. ಆ ವಾರ ಗಂಗವ್ವನ ಸೀರೆ ಒಂಬತ್ತನೆಯ ದಿನ ಬಂತು. ಉಳಿದ ಮನೆಗಳದೂ ಒಂದೊಂದು ದಿನ ತಡ, ನಲವತ್ತೂ ಮನೆಗಳದು. ಕಾಕಾ ಊರಿಗೆ ಬಂದ ದಿನ ಯಾರೂ ಮಗ್ಗಕ್ಕೆ ಇಳಿದಿರಲಿಲ್ಲ. ತಡವಾದ ಪ್ರತಿ ಮನೆಗೂ ಪ್ರೋಗ್ರಾಂ ಕಾರಣ ಕೇಳುತ್ತದೆ. ಅದು ಕೊಡುವ ಪಟ್ಟಿಯಲ್ಲಿ ನೂಲಿನ ಕೊರತೆ, ಅನಾರೋಗ್ಯ, ಹಬ್ಬ ಇವೆಲ್ಲ ಇದ್ದವು, ನನಗೆ ಬೇಕಾದ್ದು ಇರಲಿಲ್ಲ. ಕೆಳಗಿನ ಖಾಲಿ ಜಾಗದಲ್ಲಿ ನಾನೇ ಬರೆದೆ: ಸಂಗಪ್ಪ ಕಾಕಾ ತೀರಿಕೊಂಡರು. ನಲವತ್ತು ಸಲ ಬರೆದೆ.