ಕಿವಿಯೋಲೆಯ ಪ್ರಶ್ನೆ

ಹಲ್ಲು ನೇರ ಮಾಡುವ ಕೆಲವು ತಂತಿಗಳಲ್ಲಿ ನಿಕ್ಕಲ್ ಇರುತ್ತದೆ. ಅದು ಎಲ್ಲರಿಗೂ ಆಗಿಬರುವುದಿಲ್ಲ; ಅಗ್ಗದ ಕಿವಿಯೋಲೆಗಳಲ್ಲೂ ಅದೇ ಲೋಹ. ಅದಕ್ಕೇ ಹುಮನಾಬಾದಿನ ನನ್ನ ದವಾಖಾನೆಯಲ್ಲಿ ತಂತಿ ಆರಿಸುವ ಮುಂಚೆ ಒಂದು ಮಾತು ಕೇಳುತ್ತೇನೆ: "ಖೋಟಾ ಝುಮಕಿ ಹಾಕಿದ್ರ ಕಿವಿ ಕೆರೀತದೇನವ್ವಾ?"

ಬಸವಕಲ್ಯಾಣದಿಂದ ಬಂದಿದ್ದ ಹುಡುಗಿ ಉತ್ತರ ಕೊಡುವಷ್ಟರಲ್ಲಿ ಅವಳ ತಾಯಿ ಸಿಡುಕಿದರು. "ನಮ್ಮ ಮಗಳ ಕಿವಿಗೆ ಬಂಗಾರ ಬಿಟ್ಟು ಬ್ಯಾರೆ ಏನೂ ಮುಟ್ಟಿಲ್ರಿ, ಡಾಕ್ಟರ್ ಸಾಬ್!"

ಪಕ್ಕದಲ್ಲೇ ಹುಡುಗಿಯ ಅತ್ತೆಯಾಗಲಿದ್ದವರು ಕುಳಿತಿದ್ದರು. ಮದುವೆಗೆ ಮುಂಚೆ ಹಲ್ಲು ನೇರ ಆಗಬೇಕೆಂದವರೂ ಅವರೇ. ಹುಡುಗಿ ತಲೆ ತಗ್ಗಿಸಿದಳು. ನಾನು ತಾಯಿಯ ಮಾತು ನಂಬಿ, ನಿಕ್ಕಲ್ ಇರುವ ಮೆತ್ತನೆಯ ತಂತಿಯನ್ನೇ ಕಟ್ಟಿದೆ.

ವಾರದ ಮೇಲೆ ತಾಯಿ ಮಗಳು ಇಬ್ಬರೇ ಬಂದರು. ಹುಡುಗಿಯ ತುಟಿ ಬಾತಿತ್ತು, ಬಾಯಿತುಂಬ ಹುಣ್ಣು.

"ಸಣ್ಣಾಕಿ ಇದ್ದಾಗಿಂದ ಕಿವಿ ಕೆರೀತಾವ್ರಿ," ಎಂದಳು. "ಬಂಗಾರ ನಾ ಎಂದೂ ಹಾಕೇ ಇಲ್ಲ."

ತಂತಿ ಬಿಚ್ಚಿ, ನಿಕ್ಕಲ್ ಇಲ್ಲದ ಟೈಟಾನಿಯಂ ತಂತಿ ಕೈಗೆತ್ತಿಕೊಂಡೆ.

"ಇನ್ಯಾಕ್ರಿ ಅದು?" ಎಂದರು ತಾಯಿ. "ಇಕಿ ಮಾರಿ ನೋಡಿ, ಏನೋ ರೋಗ ಅದ ಅಂತ ತಿಳಕೊಂಡು ಗಂಡಿನವರು ಮದುವಿನೇ ಬ್ಯಾಡ ಅಂದ್ರು."

ಈಗಲೂ ಅದೇ ಪ್ರಶ್ನೆ ಕೇಳುತ್ತೇನೆ, ಜೊತೆಗೆ ಬಂದವರನ್ನೆಲ್ಲ ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡ ಮೇಲೆ. ಸೊಕ್ಕಿನ ಡಾಕ್ಟರ್ ಎಂದು ಹೆಸರಾಗಿದೆ. ಇರಲಿ.